ಧರ್ಮಶ್ರದ್ಧೆ ಮತ್ತು ಎಡಪಂಥ: ಜಗಳ ಎಲ್ಲಿ, ನಂಟು ಎಲ್ಲಿ

ದೇವರನ್ನು ನಂಬುವವರು ಎಡಪಂಥೀಯರಾಗಿರಲು ಸಾಧ್ಯವೇ? ಸಾಧ್ಯವೇ ಇಲ್ಲ ಎನ್ನುವವರು ಅಲ್ಬೇನಿಯಾವನ್ನು ತೋರಿಸುತ್ತಾರೆ. ಅಲ್ಲಿನ ಕಮ್ಯುನಿಸ್ಟ್ ಸರ್ಕಾರ 1967ರಲ್ಲಿ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿಸಿತು. ಧಾರಾಳವಾಗಿ ಸಾಧ್ಯ ಎನ್ನುವವರು ನಿಕರಾಗುವಾವನ್ನು ತೋರಿಸುತ್ತಾರೆ. ಅಲ್ಲಿ 1979ರ ಕ್ರಾಂತಿಯ ನಂತರ ಕ್ಯಾಥೊಲಿಕ್ ಪಾದ್ರಿಗಳೇ ಮಂತ್ರಿಗಳಾದರು. ಎರಡೂ ನಿಜವೇ. ‘ಧರ್ಮ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವಿಷಯಗಳನ್ನು ಸೇರಿಸಿ ಮಾತಾಡುವುದರಿಂದ ವಾದ ಮುಂದಕ್ಕೆ ಹೋಗುವುದಿಲ್ಲ, ಅಷ್ಟೆ.

ಧರ್ಮದಲ್ಲಿ ಕನಿಷ್ಠ ನಾಲ್ಕು ಅಂಗಗಳಿವೆ. ದೇವರು, ಆತ್ಮ, ಪರಲೋಕದ ಬಗೆಗಿನ ನಂಬಿಕೆ ಒಂದು. ಹಸಿದವರಿಗೆ, ಸಾಲಗಾರರಿಗೆ, ಪರದೇಶಿಗಳಿಗೆ ಏನು ಸಲ್ಲಬೇಕು ಎಂದು ಹೇಳುವ ನೀತಿ ಎರಡನೆಯದು. ಜಮೀನು, ಶಾಲೆ, ಕಾಣಿಕೆ ಹಣ, ನೇಮಕಾತಿಯ ಅಧಿಕಾರ ಹೊಂದಿರುವ ಸಂಸ್ಥೆ ಮೂರನೆಯದು. ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಸೇರುವ, ಸಾವು-ನೋವಿಗೆ ಒದಗುವ ಸಮುದಾಯ ನಾಲ್ಕನೆಯದು. ಎಡಪಂಥವನ್ನೂ ಹೀಗೆ ಬಿಡಿಸಬಹುದು: ಭೌತವಾದಿ ತತ್ವಜ್ಞಾನ, ಆರ್ಥಿಕ ಕಾರ್ಯಕ್ರಮ, ಪಕ್ಷ, ಅಧಿಕಾರ ಹಿಡಿದ ಮೇಲಿನ ಪ್ರಭುತ್ವ. ಯಾವುದಕ್ಕೆ ಯಾವುದು ಎದುರಾಯಿತು ಎಂದು ನೋಡುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದೇವರಿದ್ದಾನೋ ಇಲ್ಲವೋ ಎಂಬುದಕ್ಕೆ ನಡೆದ ಹೊಡೆದಾಟ ತೀರಾ ಕಡಿಮೆ. ಜಗಳಗಳು ಬಹುಪಾಲು ಸಂಸ್ಥೆಯ ಆಸ್ತಿ ಮತ್ತು ಅಧಿಕಾರದ ಸುತ್ತ ಎದ್ದಿವೆ. ನಂಟು ಬೆಳೆದದ್ದು ನೀತಿ ಮತ್ತು ಸಮುದಾಯದ ಮೂಲಕ.

ಮೊದಲ ಬಿರುಕು

‘ಎಡ’ ಎಂಬ ಹೆಸರು ಬಂದದ್ದೇ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಿಂದ. ರಾಜನಿಗೆ ಶಾಸನಗಳನ್ನು ತಡೆಯುವ ಅಧಿಕಾರ ಇರಬೇಕೇ ಎಂಬ ಚರ್ಚೆಯಲ್ಲಿ ಇರಬೇಕು ಎಂದವರು ಅಧ್ಯಕ್ಷರ ಬಲಕ್ಕೂ ಬೇಡ ಎಂದವರು ಎಡಕ್ಕೂ ಕುಳಿತರು. ಅದಕ್ಕೆ ಕೆಲವೇ ತಿಂಗಳ ಮುಂಚೆ, ಅದೇ ವರ್ಷದ ಜೂನ್ 13ರಂದು, ಮೂವರು ಹಳ್ಳಿ ಪಾದ್ರಿಗಳು ತಮ್ಮ ವರ್ಗವನ್ನು ಬಿಟ್ಟು ಸಾಮಾನ್ಯ ಜನರ ಸಭೆಗೆ ಬಂದು ಸೇರಿದ್ದರು. ಅವರ ಹಿಂದೆ ಇನ್ನೂ ಹಲವರು ಬಂದರು. ಇವರು ಬಡ ಪಾದ್ರಿಗಳು. ಬಿಷಪ್‌ಗಳು ಶ್ರೀಮಂತ ಮನೆತನದವರು. ಅಂದರೆ ಕ್ರಾಂತಿಯ ಆರಂಭದಲ್ಲಿ ಧರ್ಮಶ್ರದ್ಧೆಯುಳ್ಳವರು ಎರಡೂ ಕಡೆ ಇದ್ದರು.

ಬಿರುಕು ಬಿಟ್ಟದ್ದು ಮುಂದಿನ ಎರಡು ನಿರ್ಧಾರಗಳಿಂದ. 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಳ್ಳಲಾಯಿತು. ದೇಶದ ಭೂಮಿಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಚರ್ಚಿನದಾಗಿತ್ತು. ಇಷ್ಟಕ್ಕೆ ಬಹಳ ಪಾದ್ರಿಗಳು ತಕರಾರು ತೆಗೆಯಲಿಲ್ಲ. 1790ರ ಜುಲೈನಲ್ಲಿ ಪಾದ್ರಿಗಳನ್ನೂ ಬಿಷಪ್‌ಗಳನ್ನೂ ಮತದಾರರು ಆರಿಸಬೇಕು, ಸರ್ಕಾರ ಸಂಬಳ ಕೊಡುತ್ತದೆ ಎಂಬ ಕಾನೂನು ಬಂತು. ಅದಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಿ ಎಂಬ ಆಜ್ಞೆಯೂ ಬಂತು. ಹಳ್ಳಿ ಪಾದ್ರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಪ್ಪಲಿಲ್ಲ. ಪ್ರಮಾಣ ಮಾಡದ ಪಾದ್ರಿಯನ್ನು ತೆಗೆದುಹಾಕಿ ಅಪರಿಚಿತನೊಬ್ಬನನ್ನು ತಂದಾಗ, ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲವೂ ಸಂಶಯಕ್ಕೆ ಬಿದ್ದವು. ಆಸ್ತಿ ಮುಟ್ಟಿದಾಗ ಸುಮ್ಮನಿದ್ದ ರೈತರು ತಮ್ಮ ಪಾದ್ರಿಯನ್ನು ಮುಟ್ಟಿದಾಗ ಸಿಟ್ಟಾದರು. 1793ರಲ್ಲಿ ವಾಂದೇ ಪ್ರಾಂತ ದಂಗೆಯೆದ್ದದ್ದಕ್ಕೆ ಇದು ಒಂದು ದೊಡ್ಡ ಕಾರಣ. ಕಡ್ಡಾಯ ಸೇನಾ ಭರ್ತಿ ಇನ್ನೊಂದು. ಎಡಪಂಥ ಈ ತಪ್ಪನ್ನು ಮುಂದೆಯೂ ಹಲವು ದೇಶಗಳಲ್ಲಿ ಮಾಡಿತು: ಸಂಸ್ಥೆಗೆ ಗುರಿಯಿಟ್ಟು ಸಮುದಾಯಕ್ಕೆ ಹೊಡೆಯಿತು.

ಮಾರ್ಕ್ಸ್ ಬರೆದದ್ದು ಏನು

‘ಧರ್ಮ ಅಫೀಮು’ ಎಂಬ ಮಾತು 1844ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಒಂದು ಲೇಖನದ್ದು. ಆಗ ಮಾರ್ಕ್ಸ್‌ಗೆ 25 ವರ್ಷ. ಅದರ ಹಿಂದಿನ ಸಾಲುಗಳನ್ನು ಬಿಟ್ಟು ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಧಾರ್ಮಿಕ ಸಂಕಟವು ನಿಜವಾದ ಸಂಕಟದ ಅಭಿವ್ಯಕ್ತಿಯೂ ಹೌದು, ಅದರ ವಿರುದ್ಧದ ಪ್ರತಿಭಟನೆಯೂ ಹೌದು. ಧರ್ಮವೆಂದರೆ ದಮನಕ್ಕೊಳಗಾದ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಜಗತ್ತಿನ ಹೃದಯ ಎಂದು ಹೇಳಿದ ಮೇಲೆ ಅಫೀಮಿನ ಮಾತು ಬರುತ್ತದೆ. ಆ ಕಾಲದಲ್ಲಿ ಅಫೀಮು ಔಷಧದ ಅಂಗಡಿಯಲ್ಲಿ ಸಿಗುವ ನೋವುನಿವಾರಕ. ನೋವನ್ನು ಮರೆಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ ಎಂಬುದು ವಾದ. ಇದು ಧರ್ಮದ ಹೊಗಳಿಕೆಯೇನೂ ಆಗಿರಲಿಲ್ಲ, ಮಾರ್ಕ್ಸ್ ನಾಸ್ತಿಕರೇ. ಆದರೆ ಈ ವಾದದ ಪ್ರಕಾರ ಹೋರಾಡಬೇಕಾದದ್ದು ರೋಗದ ವಿರುದ್ಧ. ದೇವಾಲಯಕ್ಕೆ ಬೀಗ ಹಾಕಿದರೂ ನೋವು ಹಾಗೇ ಉಳಿಯುತ್ತದೆ.

ಮಾರ್ಕ್ಸ್‌ರ ಒಡನಾಡಿ ಎಂಗೆಲ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1894ರಲ್ಲಿ ಬರೆದ ಲೇಖನದಲ್ಲಿ ಆದಿ ಕ್ರೈಸ್ತರನ್ನು ತಮ್ಮ ಕಾಲದ ಕಾರ್ಮಿಕ ಚಳವಳಿಯ ಜೊತೆ ಹೋಲಿಸಿದರು. ಇಬ್ಬರೂ ತುಳಿತಕ್ಕೊಳಗಾದವರು, ಇಬ್ಬರೂ ಬಿಡುಗಡೆಯನ್ನು ಸಾರಿದವರು. ಒಬ್ಬರಿಗೆ ಅದು ಪರಲೋಕದಲ್ಲಿ, ಇನ್ನೊಬ್ಬರಿಗೆ ಇಲ್ಲೇ.

ಗ್ರಂಥಗಳು ಎರಡೂ ಕಡೆ ಸಾಕ್ಷಿ ಹೇಳುತ್ತವೆ

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ 50 ವರ್ಷಕ್ಕೊಮ್ಮೆ ಜಮೀನು ಮೂಲ ಕುಟುಂಬಕ್ಕೆ ಮರಳಬೇಕೆಂಬ ವಿಧಿಯಿದೆ. ಅಪೊಸ್ತಲರ ಕೃತ್ಯಗಳಲ್ಲಿ ಮೊದಲ ಕ್ರೈಸ್ತರು ಆಸ್ತಿ ಮಾರಿ ಹಣವನ್ನು ಒಟ್ಟಿಗೆ ಇಟ್ಟು, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡ ವಿವರವಿದೆ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ; ನಿಗದಿತ ಮಿತಿ ಮೀರಿದ ಉಳಿತಾಯದ ಮೇಲೆ ವರ್ಷಕ್ಕೆ ಶೇ. 2.5ರಷ್ಟು ಝಕಾತ್ ಎಂಬ ದಾನ ಕಡ್ಡಾಯ. ಬೌದ್ಧ ಗ್ರಂಥ ದೀಘನಿಕಾಯದ ಕೂಟದಂತ ಸುತ್ತದಲ್ಲಿ, ಕಳ್ಳಕಾಕರ ಕಾಟವನ್ನು ಶಿಕ್ಷೆಯಿಂದ ನಿಲ್ಲಿಸಲಾಗದು ಎಂದು ಪುರೋಹಿತನೊಬ್ಬ ರಾಜನಿಗೆ ಹೇಳುತ್ತಾನೆ. ಕೃಷಿಕರಿಗೆ ಬೀಜ ಮತ್ತು ಮೇವು ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ಸೇವಕರಿಗೆ ಸರಿಯಾದ ಸಂಬಳ ಕೊಡು ಎಂಬುದು ಅವನ ಸಲಹೆ. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತನ್ನು ಇಂದಿನ ಬಜೆಟ್ ಚರ್ಚೆಯಲ್ಲಿ ಹಾಗೇ ಓದಬಹುದು.

ಅದೇ ಬೈಬಲಿನಲ್ಲಿ ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕು ಎಂಬ ಮಾತೂ ಇದೆ, ಆಳುವವರ ಅಧಿಕಾರ ದೇವರಿಂದ ಬಂದದ್ದು ಎಂಬ ಮಾತೂ ಇದೆ. ಹೀಗಾಗಿ ‘ನಮ್ಮ ಧರ್ಮವೇ ಸಮಾಜವಾದಿ’ ಎನ್ನುವವರಿಗೂ ‘ಧರ್ಮವೆಂದರೆ ಶೋಷಣೆಯೇ’ ಎನ್ನುವವರಿಗೂ ಶ್ಲೋಕ, ವಚನಗಳಿಗೆ ಬರವಿಲ್ಲ. ಯಾವ ಸಾಲನ್ನು ಯಾರು, ಯಾವ ಒತ್ತಡದಲ್ಲಿ ಎತ್ತಿಕೊಂಡರು ಎಂಬುದನ್ನು ನೋಡಬೇಕು.

1525ರ ಮಾರ್ಚಿನಲ್ಲಿ ದಕ್ಷಿಣ ಜರ್ಮನಿಯ ಮೆಮ್ಮಿಂಗೆನ್‌ನಲ್ಲಿ ರೈತರು ರೂಪಿಸಿದ 12 ಬೇಡಿಕೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಬೇಡಿಕೆ, ಪಾದ್ರಿಯನ್ನು ಆರಿಸುವ, ತೆಗೆಯುವ ಹಕ್ಕು ಊರಿನವರಿಗೇ ಇರಬೇಕು ಎಂಬುದು. ಎರಡನೆಯದು ದಶಮಾಂಶದ ಲೆಕ್ಕ: ಧಾನ್ಯದ ಹತ್ತನೇ ಒಂದು ಪಾಲು ಕೊಡುತ್ತೇವೆ, ಅದರಲ್ಲಿ ಪಾದ್ರಿಯ ಜೀವನಕ್ಕೆ ಬೇಕಾದಷ್ಟು ಹೋಗಲಿ, ಉಳಿದದ್ದು ಊರಿನ ಬಡವರಿಗೆ ಸೇರಲಿ, ದನಕರುಗಳ ಮೇಲಿನ ದಶಮಾಂಶ ಕೊಡುವುದಿಲ್ಲ, ದೇವರು ಅವನ್ನು ಮನುಷ್ಯನಿಗೆ ಬಿಟ್ಟಿಯಾಗಿ ಕೊಟ್ಟಿದ್ದಾನೆ. ಮೂರನೆಯದು: ಕುರಿಗಾಹಿಯಿಂದ ಹಿಡಿದು ದೊರೆಯವರೆಗೆ ಎಲ್ಲರನ್ನೂ ಕ್ರಿಸ್ತ ತನ್ನ ರಕ್ತದಿಂದ ಬಿಡಿಸಿದ್ದಾನೆ, ಆದ್ದರಿಂದ ಜೀತ ಸಲ್ಲದು. ಮುಂದೆ ಬೇಟೆ, ಮೀನು, ಕಾಡಿನ ಸೌದೆ, ಬಿಟ್ಟಿ ಚಾಕರಿ, ಸತ್ತವರ ಮನೆಯಿಂದ ಒಡೆಯರು ವಸೂಲಿ ಮಾಡುವ ತೆರಿಗೆ ಬರುತ್ತವೆ. ಕೊನೆಯದರಲ್ಲಿ, ಇವುಗಳಲ್ಲಿ ಯಾವುದಾದರೂ ದೇವರ ವಾಕ್ಯಕ್ಕೆ ವಿರುದ್ಧವೆಂದು ತೋರಿಸಿಕೊಟ್ಟರೆ ಕೈಬಿಡುತ್ತೇವೆ ಎಂಬ ಮಾತಿದೆ. ಇಲ್ಲಿ ನಂಬಿಕೆಯನ್ನು ಬೇರೆ, ಆರ್ಥಿಕ ಬೇಡಿಕೆಯನ್ನು ಬೇರೆ ಮಾಡಲು ಬರುವುದೇ ಇಲ್ಲ. ಅದೇ ಬೈಬಲನ್ನು ಜನರ ಭಾಷೆಗೆ ತಂದ ಲೂಥರ್ ದೊರೆಗಳ ಪರ ನಿಂತರು. ರೈತರ ಪರ ನಿಂತ ಪ್ರವಚನಕಾರ ಥಾಮಸ್ ಮ್ಯೂಂಟ್ಸರ್ ಅವರ ತಲೆಯನ್ನು ಅದೇ ವರ್ಷದ ಮೇ 27ರಂದು ಕಡಿಯಲಾಯಿತು.

ಸದಸ್ಯತ್ವದ ಪ್ರಶ್ನೆ

ಪಕ್ಷ ಕಟ್ಟುವಾಗ ಈ ವಿಷಯ ಒಂದು ನೇರ ಪ್ರಶ್ನೆಯಾಗುತ್ತದೆ: ಭಕ್ತರನ್ನು ಸೇರಿಸಿಕೊಳ್ಳಬೇಕೇ? ಜರ್ಮನಿಯ ಸೋಷಿಯಲ್ ಡೆಮಾಕ್ರಟರು 1891ರ ಎರ್ಫುರ್ಟ್ ಕಾರ್ಯಕ್ರಮದಲ್ಲಿ ಧರ್ಮ ಖಾಸಗಿ ವಿಷಯ, ಧಾರ್ಮಿಕ ಕಾರ್ಯಗಳಿಗೆ ಸಾರ್ವಜನಿಕ ಹಣ ಸಲ್ಲದು ಎಂದು ಬರೆದರು. ಲೆನಿನ್ 1905ರಲ್ಲಿ ಇದಕ್ಕೆ ತಿದ್ದುಪಡಿ ತಂದರು. ಪ್ರಭುತ್ವದ ಮಟ್ಟಿಗೆ ಧರ್ಮ ಖಾಸಗಿ, ಪಕ್ಷದ ಮಟ್ಟಿಗೆ ಅಲ್ಲ; ಪಕ್ಷ ನಾಸ್ತಿಕತೆಯ ಪ್ರಚಾರ ಮಾಡುತ್ತದೆ. ಹಾಗಿದ್ದೂ ಪಕ್ಷದ ಕಾರ್ಯಕ್ರಮದಲ್ಲಿ ನಾಸ್ತಿಕತೆಯನ್ನು ಸೇರಿಸಲಿಲ್ಲ. ಭೂಮಿಯ ಮೇಲೆ ಸ್ವರ್ಗ ಕಟ್ಟುವ ಹೋರಾಟದಲ್ಲಿನ ಒಗ್ಗಟ್ಟು, ಆಕಾಶದ ಸ್ವರ್ಗದ ಬಗೆಗಿನ ಒಮ್ಮತಕ್ಕಿಂತ ಮುಖ್ಯ ಎಂಬುದು ಅವರು ಕೊಟ್ಟ ಕಾರಣ. 1909ರಲ್ಲಿ ಪಾದ್ರಿಯೊಬ್ಬ ಸದಸ್ಯನಾಗಬಹುದೇ ಎಂಬ ಪ್ರಶ್ನೆಗೂ ಉತ್ತರ ಕೊಟ್ಟರು: ಪಕ್ಷದ ಕೆಲಸ ಪ್ರಾಮಾಣಿಕವಾಗಿ ಮಾಡಿದರೆ ಆಗಬಹುದು, ಪಕ್ಷದೊಳಗೆ ಧರ್ಮಪ್ರಚಾರವನ್ನೇ ಮುಖ್ಯ ಕೆಲಸ ಮಾಡಿಕೊಂಡರೆ ಹೊರಹಾಕಬೇಕು. ಅವರದೇ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಈ ಸಂಯಮ ಉಳಿಯಲಿಲ್ಲ.

ಇಟಲಿಯ ಕಮ್ಯುನಿಸ್ಟ್ ಪಕ್ಷ ಬೇರೆ ದಾರಿ ಹಿಡಿಯಿತು. ಎರಡನೇ ಮಹಾಯುದ್ಧ ಮುಗಿದೊಡನೆ ತನ್ನ ನಿಯಮಾವಳಿಯಲ್ಲಿ, ರಾಜಕೀಯ ಕಾರ್ಯಕ್ರಮ ಒಪ್ಪಿದ ಯಾರಾದರೂ ಧಾರ್ಮಿಕ ನಂಬಿಕೆ, ತಾತ್ವಿಕ ನಿಲುವು ಏನೇ ಇರಲಿ ಸೇರಬಹುದು ಎಂದು ಬರೆಯಿತು. 1949ರಲ್ಲಿ ವ್ಯಾಟಿಕನ್ ಕಮ್ಯುನಿಸ್ಟರಿಗೆ ಸಂಸ್ಕಾರಗಳನ್ನು ನಿರಾಕರಿಸುವ ಆಜ್ಞೆ ಹೊರಡಿಸಿತು. ಅದಾದ ಮೇಲೂ ಪಕ್ಷ ತನ್ನ ನಿಯಮ ಬದಲಿಸಲಿಲ್ಲ. 1976ರ ಚುನಾವಣೆಯಲ್ಲಿ ಶೇ. 34.4 ಮತ ಪಡೆಯಿತು. ಕ್ಯಾಥೊಲಿಕ್ ಬಹುಸಂಖ್ಯಾತ ದೇಶದಲ್ಲಿ ಭಕ್ತರ ಮತವಿಲ್ಲದೆ ಇಷ್ಟು ಬರುವುದು ಸಾಧ್ಯವಿರಲಿಲ್ಲ. ಕ್ಯೂಬಾದ ಪಕ್ಷ ಈ ಬಾಗಿಲು ತೆರೆದದ್ದು 1991ರಲ್ಲಿ. ಚೀನಾದಲ್ಲಿ ಸಂವಿಧಾನದ 36ನೇ ವಿಧಿ ನಾಗರಿಕರಿಗೆ ಧಾರ್ಮಿಕ ನಂಬಿಕೆಯ ಸ್ವಾತಂತ್ರ್ಯ ಕೊಟ್ಟರೂ ಪಕ್ಷದ ಸದಸ್ಯರು ಮಾತ್ರ ಯಾವ ಧರ್ಮವನ್ನೂ ಅನುಸರಿಸುವಂತಿಲ್ಲ.

ಸಂಘಟನೆ ಕಲಿಸಿದ ಪ್ರಾರ್ಥನಾ ಕೂಟ

ಧರ್ಮ ಎಡಪಂಥಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆಯ ಬಗ್ಗೆ ಮಾತು ಕಡಿಮೆ. ಅದು ಸಭೆ ನಡೆಸುವ ವಿದ್ಯೆ. 1742ರಿಂದ ಇಂಗ್ಲೆಂಡಿನ ಮೆಥಡಿಸ್ಟ್ ಪಂಥದ ಕ್ರೈಸ್ತರು ಸುಮಾರು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡನನ್ನು ನೇಮಿಸಿ, ವಾರಕ್ಕೆ ತಲಾ ಒಂದು ಪೆನ್ನಿ ಸಂಗ್ರಹಿಸತೊಡಗಿದರು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ. ಪಾದ್ರಿಯ ಪದವಿಯಿಲ್ಲದ ಕೂಲಿಕಾರರೂ ಗಣಿ ಕೆಲಸಗಾರರೂ ಎದ್ದು ನಿಂತು ಮಾತಾಡುವುದನ್ನು, ಲೆಕ್ಕ ಬರೆಯುವುದನ್ನು ಅಲ್ಲಿ ಕಲಿತರು. ಕಾರ್ಮಿಕರಿಗೆ ಮತದಾನದ ಹಕ್ಕು ಕೇಳಿದ ಚಾರ್ಟಿಸ್ಟ್ ಚಳವಳಿ ಈ ಗುಂಪಿನ ಮಾದರಿಯನ್ನೇ ಎತ್ತಿಕೊಂಡಿತು. ಸಂಘ ಕಟ್ಟಿ ಗುಟ್ಟಿನ ಪ್ರಮಾಣ ಮಾಡಿಸಿದರೆಂದು 1834ರಲ್ಲಿ ಏಳು ವರ್ಷದ ಗಡೀಪಾರು ಶಿಕ್ಷೆಗೆ ಗುರಿಯಾದ ಟಾಲ್‌ಪಡಲ್ ಹಳ್ಳಿಯ ಆರು ಕೃಷಿ ಕೂಲಿಗಳಲ್ಲಿ ಮುಂದಾಳಾಗಿದ್ದ ಜಾರ್ಜ್ ಲವ್‌ಲೆಸ್ ಒಬ್ಬ ಮೆಥಡಿಸ್ಟ್ ಬೋಧಕ.

ಲ್ಯಾಟಿನ್ ಅಮೆರಿಕದ ತಳಮಟ್ಟದ ಕ್ರೈಸ್ತ ಕೂಟಗಳು ಇದನ್ನು ಇನ್ನೂ ಹದಗೊಳಿಸಿದವು. ‘ನೋಡು, ತೂಗಿ ನೋಡು, ಮಾಡು’ ಎಂಬ ಮೂರು ಹಂತದ ಕ್ರಮವನ್ನು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1920ರ ದಶಕದಲ್ಲಿ ಯುವ ಕಾರ್ಮಿಕರಿಗಾಗಿ ರೂಪಿಸಿದ್ದರು. 1968ರಲ್ಲಿ ಕೊಲಂಬಿಯಾದ ಮೆದೆಯಿನ್‌ನಲ್ಲಿ ಸೇರಿದ ಬಿಷಪ್‌ಗಳು ಬಡವರ ಪರ ನಿಲ್ಲುವ ನಿರ್ಧಾರ ಮಾಡಿದ ಮೇಲೆ, ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಸ್ 1971ರಲ್ಲಿ, ಬಡವರ ಬಿಡುಗಡೆಯೇ ಧರ್ಮದ ಕೆಲಸ ಎನ್ನುವ ವಿಮೋಚನಾ ದೈವಶಾಸ್ತ್ರಕ್ಕೆ ಹೆಸರು ಮತ್ತು ಚೌಕಟ್ಟು ಕೊಟ್ಟ ಮೇಲೆ, ಈ ಕೂಟಗಳು ಅದರಲ್ಲೂ ಬ್ರೆಜಿಲ್‌ನಲ್ಲಿ ಹರಡಿದವು. ಪಾದ್ರಿಗಳ ಕೊರತೆ ಇದ್ದುದರಿಂದ ನಡೆಸುವವರು ಸಾಮಾನ್ಯ ಜನ, ಹೆಚ್ಚಾಗಿ ಹೆಂಗಸರು.

ಕೂಟ ನಡೆಯುವ ರೀತಿ ಹೀಗೆ. ಬಡಾವಣೆಗೆ ನೀರು ಬರುತ್ತಿಲ್ಲ ಎನ್ನಿ. ಮೊದಲ ಹಂತದಲ್ಲಿ ಬರೀ ವಿವರ: ಎಷ್ಟು ಮನೆಗೆ ಬರುತ್ತಿಲ್ಲ, ಯಾವಾಗಿನಿಂದ, ನೀರು ಮಾರುವವರು ಯಾರು, ಕೊಳಾಯಿ ಎಲ್ಲಿಯವರೆಗೆ ಬಂದು ನಿಂತಿದೆ. ಎರಡನೇ ಹಂತದಲ್ಲಿ ಬೈಬಲಿನ ಒಂದು ಭಾಗವನ್ನು, ಬಹಳ ಸಲ ದೇವರು ತನ್ನ ಜನರ ಗೋಳನ್ನು ಕೇಳಿಸಿಕೊಂಡೆನೆಂದು ಹೇಳುವ ವಿಮೋಚನಕಾಂಡದ ಮೂರನೇ ಅಧ್ಯಾಯವನ್ನು ಓದಿ, ನಮ್ಮ ಸಂಗತಿಗೆ ಇದು ಏನು ಹೇಳುತ್ತದೆ ಎಂದು ಒಬ್ಬೊಬ್ಬರೂ ಮಾತಾಡುವುದು. ಮೂರನೇ ಹಂತದಲ್ಲಿ ಆಗುವಂಥ ಒಂದು ಕೆಲಸ, ಅದಕ್ಕೊಬ್ಬರ ಹೆಸರು, ಒಂದು ದಿನ. ಮುಂದಿನ ವಾರದ ಕೂಟ ಅದರ ವರದಿಯಿಂದಲೇ ಶುರು. ಮೊದಲ ಹಂತವನ್ನು ಅವಸರದಲ್ಲಿ ಮುಗಿಸಿದರೆ ಮುಖಂಡನ ತಲೆಯಲ್ಲಿದ್ದ ತೀರ್ಮಾನವೇ ಎಲ್ಲರ ತೀರ್ಮಾನವಾಗಿಬಿಡುತ್ತದೆ. ಎರಡನೆಯದನ್ನು ಬಿಟ್ಟರೆ ಪ್ರಾರ್ಥನೆಗೆಂದು ಬಂದವರು ಮೋಸಹೋದಂತೆ ಭಾವಿಸಿ ಬರುವುದನ್ನು ನಿಲ್ಲಿಸುತ್ತಾರೆ. ಮೂರನೆಯದು ಕೈಗೆಟುಕದಷ್ಟು ದೊಡ್ಡದಾದರೆ ಎರಡು ತಿಂಗಳಲ್ಲಿ ಕೂಟ ಚದುರುತ್ತದೆ. ಬ್ರೆಜಿಲ್‌ನಲ್ಲಿ 1980ರಲ್ಲಿ ಹುಟ್ಟಿದ ಕಾರ್ಮಿಕರ ಪಕ್ಷವೂ 1984ರಲ್ಲಿ ಹುಟ್ಟಿದ ಭೂರಹಿತರ ಚಳವಳಿಯೂ ಇಂಥ ಕೂಟಗಳಲ್ಲಿ ಪಳಗಿದವರಿಂದ ಬಲ ಪಡೆದವು.

ಈ ನಂಟಿಗೆ ತೆತ್ತ ಬೆಲೆಯೂ ದೊಡ್ಡದು. ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೇರೊ ಅವರನ್ನು 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಕ್ಕಿ ಕೊಂದರು. 1984ರಲ್ಲಿ ವ್ಯಾಟಿಕನ್, ಮಾರ್ಕ್ಸ್‌ವಾದಿ ವಿಶ್ಲೇಷಣೆಯನ್ನು ಪರೀಕ್ಷಿಸದೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಎಚ್ಚರಿಕೆ ಕೊಟ್ಟಿತು. ಮೇಲಿನಿಂದ ಬಿಷಪ್ ಬದಲಾದರೆ ಕೆಳಗಿನ ಕೂಟಗಳ ಬೆಂಬಲವೇ ಹೋಗುತ್ತಿತ್ತು. ಸಂಸ್ಥೆಯ ನೆರಳಲ್ಲಿ ಬೆಳೆದ ಚಳವಳಿಯ ದೌರ್ಬಲ್ಯ ಇದು.

ಕೆಟ್ಟದ್ದು ಎಲ್ಲಿ

ಸೋವಿಯತ್ ಸರ್ಕಾರ 1918ರ ಆರಂಭದಲ್ಲಿ ಚರ್ಚನ್ನು ಪ್ರಭುತ್ವದಿಂದ, ಶಾಲೆಯನ್ನು ಚರ್ಚಿನಿಂದ ಬೇರ್ಪಡಿಸಿತು. ಇದು ಹಳೆಯ ಎಡ ಬೇಡಿಕೆ, ಹಲವು ಉದಾರವಾದಿಗಳದ್ದೂ ಹೌದು. 1929ರ ಕಾನೂನು ಬೇರೆಯೇ ಕೆಲಸ ಮಾಡಿತು. ಧಾರ್ಮಿಕ ಸಂಘಗಳು ಪರಸ್ಪರ ಸಹಾಯ ನಿಧಿ ನಡೆಸಬಾರದು, ಮಕ್ಕಳ, ಹೆಂಗಸರ ಪ್ರತ್ಯೇಕ ಸಭೆ ಸೇರಿಸಬಾರದು, ವಾಚನಾಲಯ ತೆರೆಯಬಾರದು, ವೈದ್ಯಕೀಯ ನೆರವು ಕೊಡಬಾರದು. ಬರೀ ಪೂಜೆಗೆ ಅವಕಾಶ. ಸಮುದಾಯವನ್ನು ಕತ್ತರಿಸಿ ನಂಬಿಕೆಯನ್ನು ಮಾತ್ರ ಉಳಿಸಿದರೆ ಅದು ತಾನಾಗಿ ಒಣಗುತ್ತದೆ ಎಂಬ ಲೆಕ್ಕಾಚಾರ. 1937ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಕೇಳಿದಾಗ, 16 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇ. 57ರಷ್ಟು ಜನ ಭಕ್ತರು ಎಂದೇ ಬರೆಸಿದರು, ಅದೂ ಭಯದ ಕಾಲದಲ್ಲಿ. ಫಲಿತಾಂಶವನ್ನು ಮುಚ್ಚಿಡಲಾಯಿತು. 1943ರಲ್ಲಿ ಯುದ್ಧದ ನಡುವೆ ಸ್ಟಾಲಿನ್ ತಾವೇ ಹಿರಿಯ ಧರ್ಮಾಧಿಕಾರಿಗಳನ್ನು ಕರೆದು ಮಾತಾಡಬೇಕಾಯಿತು.

ಇಂಡೊನೇಷ್ಯಾದ ಜಾವಾದಲ್ಲಿ ಕೆಟ್ಟದ್ದು ಒಂದು ನಿರ್ಣಯದಿಂದ. 1920ರಲ್ಲಿ ಕಮ್ಯುನಿಸ್ಟ್ ಅಂತರರಾಷ್ಟ್ರೀಯ ಸಂಘಟನೆ ಜಾಗತಿಕ ಇಸ್ಲಾಂ ಐಕ್ಯತೆಯ ಚಳವಳಿಯನ್ನು ಎದುರಿಸಬೇಕೆಂದು ತೀರ್ಮಾನಿಸಿತು. ಆಗ ಜಾವಾದ ಕಮ್ಯುನಿಸ್ಟರು ಸಾರೆಕಾತ್ ಇಸ್ಲಾಂ ಎಂಬ ದೊಡ್ಡ ಸಂಘಟನೆಯೊಳಗೆ ರೈತರ ಜೊತೆ ಕೆಲಸ ಮಾಡುತ್ತಿದ್ದರು. ವಿರೋಧಿಗಳು ಈ ನಿರ್ಣಯವನ್ನು ಹಳ್ಳಿ ಹಳ್ಳಿಗೆ ಒಯ್ದು ಇವರು ಧರ್ಮದ್ರೋಹಿಗಳು ಎಂದು ಸಾರಿದರು, ಸಂಘಟನೆ ಒಡೆಯಿತು. 1922ರಲ್ಲಿ ಇಂಡೊನೇಷ್ಯಾದ ಕಮ್ಯುನಿಸ್ಟ್ ನಾಯಕ ತಾನ್ ಮಲಾಕ ಮಾಸ್ಕೋದಲ್ಲಿ ಆ ಸಂಘಟನೆಯ ವೇದಿಕೆಯಲ್ಲೇ ಇದನ್ನು ವಿವರಿಸಿ, ವಸಾಹತುಶಾಹಿಯ ವಿರುದ್ಧ ಎದ್ದ ಮುಸ್ಲಿಮರನ್ನು ದೂರ ತಳ್ಳಬೇಡಿ ಎಂದರು. ಇರಾನಿನಲ್ಲಿ ತಪ್ಪು ತದ್ವಿರುದ್ಧ ದಿಕ್ಕಿನದು. ಸಾಮ್ರಾಜ್ಯಶಾಹಿಯ ವಿರೋಧಿಗಳೆಂಬ ಕಾರಣಕ್ಕೆ ಅಲ್ಲಿನ ಕಮ್ಯುನಿಸ್ಟರ ತೂದೆ ಪಕ್ಷ ಧರ್ಮಗುರುಗಳ ಆಡಳಿತವನ್ನು ಬೆಂಬಲಿಸಿತು, 1983ರಲ್ಲಿ ಅದೇ ಆಡಳಿತ ಪಕ್ಷವನ್ನು ನಿಷೇಧಿಸಿ ನಾಯಕರನ್ನು ಜೈಲಿಗೆ ಹಾಕಿತು. ಸಾಮಾನ್ಯ ಭಕ್ತರ ಜೊತೆ ಸೇರುವುದು ಬೇರೆ, ಧಾರ್ಮಿಕ ಅಧಿಕಾರಕ್ಕೆ ಪ್ರಭುತ್ವವನ್ನು ಒಪ್ಪಿಸುವುದು ಬೇರೆ.

ನಿಕರಾಗುವಾ ಎರಡೂ ತಪ್ಪುಗಳನ್ನು ಒಂದಾದ ಮೇಲೊಂದು ಮಾಡಿತು. ಭಕ್ತರೂ ಕ್ರಾಂತಿಕಾರಿಗಳಾಗಬಹುದು ಎಂದು, ಕ್ರಾಂತಿ ನಡೆಸಿದ ಸಾಂಡಿನಿಸ್ಟ್ ಪಕ್ಷದವರು 1980ರಲ್ಲಿ ಅಧಿಕೃತವಾಗಿಯೇ ಹೇಳಿದ್ದರು; ಎರ್ನೆಸ್ಟೊ ಕಾರ್ಡೆನಾಲ್ ಸಂಸ್ಕೃತಿ ಮಂತ್ರಿ, ಮಿಗೆಲ್ ಡೆಸ್ಕೊಟೊ ವಿದೇಶಾಂಗ ಮಂತ್ರಿ, ಇಬ್ಬರೂ ಪಾದ್ರಿಗಳು. ಹೊಸ ಸಹಸ್ರಮಾನದಲ್ಲಿ ಅದೇ ಪಕ್ಷ ಅಧಿಕಾರಕ್ಕೆ ಮರಳಲು ಚರ್ಚಿನ ಮೇಲಧಿಕಾರಿಗಳ ಜೊತೆ ಹೊಂದಾಣಿಕೆ ಮಾಡಿಕೊಂಡು, 2006ರ ಅಕ್ಟೋಬರಿನಲ್ಲಿ, ಚುನಾವಣೆಗೆ ಕೆಲವೇ ದಿನ ಮುಂಚೆ, ಗರ್ಭಪಾತದ ಸಂಪೂರ್ಣ ನಿಷೇಧಕ್ಕೆ ಮತ ಹಾಕಿತು. ತಾಯಿಯ ಜೀವಕ್ಕೆ ಅಪಾಯವಿದ್ದರೂ ವಿನಾಯಿತಿಯಿಲ್ಲ. 2018ರ ಪ್ರತಿಭಟನೆಗಳಲ್ಲಿ ಪಾದ್ರಿಗಳು ಜನರಿಗೆ ಆಸರೆ ಕೊಟ್ಟಾಗ ಚರ್ಚು ಶತ್ರುವಾಯಿತು. ಬಿಷಪ್ ರೊಲಾಂಡೊ ಆಲ್ವಾರೆಸ್ ಅವರಿಗೆ 2023ರಲ್ಲಿ 26 ವರ್ಷದ ಶಿಕ್ಷೆಯಾಯಿತು, ಮುಂದಿನ ವರ್ಷ ಗಡೀಪಾರು. ಈ ನಲವತ್ತು ವರ್ಷಗಳಲ್ಲಿ ದೇವರ ಬಗ್ಗೆ ವಾದವೇ ನಡೆಯಲಿಲ್ಲ. ಅಧಿಕಾರದಲ್ಲಿದ್ದವರಿಗೆ ಯಾರ ಒಪ್ಪಿಗೆ ಬೇಕಿತ್ತು ಎಂಬುದಷ್ಟೇ ಬದಲಾಯಿತು.

ಪೋಲೆಂಡ್ ಇಡೀ ಚಿತ್ರವನ್ನು ತಿರುಗಿಸಿಟ್ಟಿತು. 1980ರ ಆಗಸ್ಟಿನಲ್ಲಿ ಗ್ದಾನ್ಸ್ಕ್‌ನ ಲೆನಿನ್ ಹಡಗುಕಟ್ಟೆಯ ಗೇಟಿನಲ್ಲಿ ಮುಷ್ಕರನಿರತ ಕಾರ್ಮಿಕರು ಬಲಿಪೂಜೆಯಲ್ಲಿ ಭಾಗವಹಿಸಿದರು. ಅವರ 21 ಬೇಡಿಕೆಗಳಲ್ಲಿ ಸ್ವತಂತ್ರ ಸಂಘ, ಮುಷ್ಕರದ ಹಕ್ಕು, ಮಾಂಸದ ಪೂರೈಕೆ, ಹೆರಿಗೆ ರಜೆಯ ಜೊತೆಗೆ ಎಲ್ಲ ಧರ್ಮಗಳ ಪ್ರತಿನಿಧಿಗಳಿಗೂ ಮಾಧ್ಯಮದಲ್ಲಿ ಅವಕಾಶ ಎಂಬುದೂ ಇತ್ತು. ಮಾಲೀಕನ ಜಾಗದಲ್ಲಿ ಎಡ ಪ್ರಭುತ್ವವೇ ಕುಳಿತಾಗ ಕಾರ್ಮಿಕರು ತಮಗೆ ಉಳಿದಿದ್ದ ಒಂದೇ ಸ್ವತಂತ್ರ ಜಾಗಕ್ಕೆ, ಚರ್ಚಿಗೆ, ಹೋದರು.

ಜೊತೆಯಾಗಿ ಕೆಲಸ ಮಾಡುವವರಿಗೆ

ಇಷ್ಟನ್ನು ಮುಂದಿಟ್ಟುಕೊಂಡರೆ ಸಂಘಟಕರು ಮಾಡಬೇಕಾದ್ದು ಬಹುಮಟ್ಟಿಗೆ ಸರಳ. ಸದಸ್ಯತ್ವಕ್ಕೆ ಕಾರ್ಯಕ್ರಮವೊಂದೇ ಅಳತೆಗೋಲು ಎಂದು ನಿಯಮದಲ್ಲಿ ಬರೆಯಬೇಕು. ಪ್ರಾರ್ಥನೆಯ ಹೊತ್ತಿಗೆ, ಉಪವಾಸದ ದಿನಕ್ಕೆ ಸಭೆ ಇಡಬಾರದು. ಶಾಸ್ತ್ರವಚನಗಳನ್ನು ನಂಬದವರು ಮತಕ್ಕಾಗಿ ಉದ್ಧರಿಸಬಾರದು, ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನಂಬುವ ಸದಸ್ಯರೇ ತಮ್ಮ ಮಾತಿನಲ್ಲಿ ಹೇಳಲಿ. ಧರ್ಮಗುರುವೊಬ್ಬರ ಬೆಂಬಲ ಸಿಕ್ಕರೆ ಇಡೀ ಸಮುದಾಯ ಸಿಕ್ಕಿತು ಎಂದುಕೊಳ್ಳಬಾರದು, ಆ ಸಮುದಾಯದ ಹೆಂಗಸರನ್ನೂ ಕೂಲಿಗಳನ್ನೂ ಬೇರೆಯಾಗಿ ಕೇಳಬೇಕು. ದಾನಕ್ಕೂ ಹಕ್ಕಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕು, ಆದರೆ ಅನ್ನ ನೀಡುವವರನ್ನು ಹೀಯಾಳಿಸಿ ಅಲ್ಲ. ಅನ್ನ ಹಾಕುತ್ತಲೇ ಕೂಲಿ ಹೆಚ್ಚಳಕ್ಕೆ ಹೋರಾಡಿದವರು ಬಹಳ ಮಂದಿ ಇದ್ದಾರೆ. ಡೊರೊಥಿ ಡೇ ನ್ಯೂಯಾರ್ಕಿನಲ್ಲಿ 1933ರ ಮೇ ದಿನದಂದು ಆರಂಭಿಸಿದ ಕ್ಯಾಥೊಲಿಕ್ ವರ್ಕರ್ ಪತ್ರಿಕೆ ಒಂದು ಸೆಂಟಿಗೆ ಮಾರಾಟವಾಗುತ್ತಿತ್ತು, ಅದರ ಬಳಗ ನಡೆಸುತ್ತಿದ್ದ ಮನೆಗಳಲ್ಲಿ ನಿರುದ್ಯೋಗಿಗಳಿಗೆ ಊಟ, ಹಾಸಿಗೆ ಸಿಗುತ್ತಿತ್ತು, ಅದೇ ಬಳಗದವರು ಮುಷ್ಕರದ ಸಾಲಿನಲ್ಲೂ ನಿಲ್ಲುತ್ತಿದ್ದರು.

ಸರಳವಲ್ಲದ್ದು ಕುಟುಂಬ, ಲಿಂಗ, ಗರ್ಭಪಾತದ ಪ್ರಶ್ನೆಗಳು. ಭೂಮಿ, ಕೂಲಿ, ಸಾಲದ ವಿಷಯದಲ್ಲಿ ಒಂದಾದವರು ಇಲ್ಲಿ ಬೇರೆಯಾಗುತ್ತಾರೆ, ಮಾತನ್ನು ಮುಂದೂಡಿದರೆ ಬಿರುಕು ದೊಡ್ಡದಾಗುತ್ತದೆ. ಅರ್ಜೆಂಟೀನಾದಲ್ಲಿ ಕೊಳೆಗೇರಿಗಳಲ್ಲೇ ವಾಸಿಸುವ ಪಾದ್ರಿಗಳು ವಸತಿ, ಮಾದಕವ್ಯಸನ, ಹಸಿವಿನ ವಿಷಯದಲ್ಲಿ ಬಡವರ ಜೊತೆ ಗಟ್ಟಿಯಾಗಿ ನಿಂತವರು. ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಮಸೂದೆಯನ್ನು ಅವರು ವಿರೋಧಿಸಿದರು. ಆಯ್ಕೆಯ ಹಕ್ಕಿನ ಪರವಾದ ಕ್ಯಾಥೊಲಿಕ್ ಮಹಿಳೆಯರ ಸಂಘಟನೆಯೊಂದು ಅದೇ ಮಸೂದೆಗಾಗಿ ಬೀದಿಗಿಳಿಯಿತು. 2020ರ ಡಿಸೆಂಬರ್ 30ರಂದು ಸೆನೆಟ್ 38-29 ಮತಗಳಿಂದ ಅದನ್ನು ಅಂಗೀಕರಿಸಿದಾಗ, ಸದನದ ಹೊರಗೆ ಎರಡೂ ಕಡೆ ನಿಂತವರಲ್ಲಿ ಒಂದೇ ಚರ್ಚಿಗೆ ಸೇರಿದವರಿದ್ದರು.